ಕಾರವಾರದಿಂದ ನಾಸಿಕ್ ವೈನ್ ಸುತ್ತಾಟ: ರೈಲು ಹತ್ತೋದ್ರಿಂದ ಬಾಟಲಿ ತೆಗೆಯೋವರೆಗೆ

ನಾಸಿಕ್‌ಗೆ ಹೋಗೋದು ನಮ್ಮ ಜಿಲ್ಲೆಯವ್ರಿಗೆ ಹೊಸದೇನಲ್ಲ. ತ್ರ್ಯಂಬಕೇಶ್ವರ, ಪಂಚವಟಿ, ಹಾಗೇ ಮುಂದೆ ಶಿರಡಿ ಅಂತ ಅಪ್ಪಯ್ಯ ಆಯಿನ ಕರ್ಕೊಂಡು ಹೋಗಿ ಬಂದವ್ರು ಪ್ರತಿ ಊರಲ್ಲೂ ಸಿಕ್ತಾರೆ. ಅದೇ ನಾಸಿಕ್ ಸುತ್ತಮುತ್ತ ವೈನ್ ದ್ರಾಕ್ಷಿ ತೋಟಗಳಿವೆ, ಒಳಗೆ ಹೋಗಿ ನೋಡ್ಬಹುದು, ಕೂತು ರುಚಿ ನೋಡ್ಬಹುದು ಅಂತ ಈಗೀಗ ಹುಡುಗ್ರಿಗೆಲ್ಲ ಗೊತ್ತು. ಆದ್ರೆ ಹೆಚ್ಚಿನವ್ರು ಮಾಡೋದೇನು ಅಂದ್ರೆ ಒಂದೇ ದಿನಕ್ಕೆ ನಾಲ್ಕು ವೈನರಿ ಲಿಸ್ಟ್ ಹಾಕ್ಕೊಂಡು, ಎರಡನೇದ್ರಲ್ಲೇ ತಲೆ ಗಿಮ್ಮೆಂದು, ಮೂರನೇದ್ರಲ್ಲಿ ಕುಡಿದದ್ದು ಬಿಳಿಯೋ ಕೆಂಪೋ ಅಂತಾನೂ ನೆನಪಿಲ್ದೆ, ಊರಿಗೆ ಬಂದು "ಎಲ್ಲಾ ಹುಳಿ ಮಾರಾಯಾ, ಎಂತ ಇಲ್ಲ ಅದ್ರಲ್ಲಿ" ಅಂತ ಹೇಳೋದು. ನಾನು ಹೇಳೋ ಕ್ರಮ ಇದಕ್ಕೆ ಉಲ್ಟಾ. ಜಾಗ ಕಡಿಮೆ, ಗುಟುಕು ಸಣ್ಣದು, ಟೈಮ್ ಜಾಸ್ತಿ. ಮತ್ತೆ ಒಂದು ವಿಷ್ಯ, ಅಡಿಕೆ, ಕಾಳುಮೆಣಸು, ಮುರುಗಲು ಇಟ್ಕೊಂಡು ಬೆಳೆದ ನಾಲಿಗೆಗೆ ವೈನ್ ಅರ್ಥ ಮಾಡ್ಕೊಳ್ಳೋಕೆ ಯಾವ ಕೋರ್ಸೂ ಬೇಡ, ಅದು ಹೇಗೆ ಅಂತ ಕೆಳಗೆ ಬರ್ತದೆ.

ಹೆಜ್ಜೆ 1: ತಿಂಗಳು ನೋಡ್ಕೊಳ್ಳಿ

ಜನವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಹೋಗಿ. ಅದು ಕೊಯ್ಲಿನ ಕಾಲ. ಯುರೋಪ್ ಕಡೆ ಚಳಿಗೆ ಬಳ್ಳಿ ಎಲೆ ಉದುರ್ಸಿ ಮಲಗ್ತದೆ, ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಬಳ್ಳಿ ಬಿಟ್ರೆ ವರ್ಷಪೂರ್ತಿ ಚಿಗುರ್ತಾನೇ ಇರ್ತದೆ, ಅದಕ್ಕೆ ಇಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತಾರೆ. ನಮ್ಮ ವಿಜಯಪುರ ಕಡೆ ದ್ರಾಕ್ಷಿಯವ್ರು ಅದನ್ನ ಚಾಟನಿ ಅಂತಾರೆ. ಏಪ್ರಿಲ್ ಚಾಟನಿ ಆದ್ಮೇಲೆ ಕಡ್ಡಿ ಬಲೀತದೆ, ಮಳೆ ಮುಗೀತಾ ಬರೋವಾಗ ಸೆಪ್ಟೆಂಬರ್ ಅಕ್ಟೋಬರಲ್ಲಿ ಮಾಡೋ ಚಾಟನಿಯಿಂದ ಗೊಂಚಲು ಬರ್ತದೆ. ಚಾಟನಿ ಎರಡು, ಫಸಲು ಒಂದೇ. ಹಣ್ಣು ಮಾಗೋದು ಒಣ ಹವೆಯ ಚಳಿಗಾಲದಲ್ಲಿ. ನಾಸಿಕ್ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಹಗಲು ಬಿಸಿಲು ಇದ್ರೂ ರಾತ್ರಿ ಚೆನ್ನಾಗಿ ತಣ್ಣಗಾಗ್ತದೆ, ಆ ತಂಪಿಂದಾನೇ ಹಣ್ಣಲ್ಲಿ ಸಿಹಿ ಏರಿದ್ರೂ ಹುಳಿ ಪೂರ್ತಿ ಇಳಿಯೋದಿಲ್ಲ. (ಕಾರವಾರದವ್ರೇ, ಸ್ವೆಟರ್ ಇದ್ರೆ ಹುಡುಕಿ ಇಟ್ಕೊಳ್ಳಿ. ಜನವರಿ ರಾತ್ರಿ ಅಲ್ಲಿ ನಿಜವಾದ ಚಳಿ.)

ಮಳೆಗಾಲದಲ್ಲೂ ಹೋಗ್ಬಹುದು, ಎಲ್ಲಾ ಹಸಿರು, ಫೋಟೋ ಚೆನ್ನಾಗಿ ಬರ್ತದೆ, ಆದ್ರೆ ಬಳ್ಳಿ ಮೇಲೆ ಹಣ್ಣಿರಲ್ಲ. ಹಸಿರು ನೋಡೋಕೆ ಶಿರಸಿ ಬಿಟ್ಟು ಅಷ್ಟು ದೂರ ಯಾಕೆ ಹೋಗ್ಬೇಕು ಅನ್ನೋದು ನನ್ನ ಪ್ರಶ್ನೆ. ಶನಿವಾರ ಭಾನುವಾರ ಮುಂಬೈ ಪುಣೆ ಜನ ತುಂಬಿರ್ತಾರೆ, ಟೇಸ್ಟಿಂಗ್ ಟೇಬಲ್ ಹತ್ರ ಏನೂ ಕೇಳೋಕಾಗಲ್ಲ, ಹಾಗಾಗಿ ಮಂಗಳವಾರದಿಂದ ಗುರುವಾರದೊಳಗೆ ಇಟ್ಕೊಳ್ಳಿ. ಡ್ರೈ ಡೇ ಯಾವ್ದು ಅಂತ ಕ್ಯಾಲೆಂಡರ್ ನೋಡಿ, ಜನವರಿ 26ಕ್ಕೆ ರಜೆ ಇದೆ ಅಂತ ಖುಷಿಲಿ ಟಿಕೆಟ್ ತೆಗೆದ್ರೆ ಬರೀ ಬಳ್ಳಿ ನೋಡ್ಕೊಂಡು ಬರ್ಬೇಕಾಗ್ತದೆ. 2027ರಲ್ಲಿ ನಾಸಿಕ್ ಮತ್ತು ತ್ರ್ಯಂಬಕದಲ್ಲಿ ಸಿಂಹಸ್ಥ ಕುಂಭಮೇಳ ಇದೆ, ಆ ಸಮಯದಲ್ಲಿ ರೂಮು, ರೈಲು ಎರಡೂ ಕಷ್ಟ.

ಹೆಜ್ಜೆ 2: ರೈಲು

ಎರ್ನಾಕುಲಂನಿಂದ ದಿಲ್ಲಿ ನಿಜಾಮುದ್ದೀನ್‌ಗೆ ಹೋಗೋ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ನಮ್ಮ ಕೊಂಕಣ ರೈಲ್ವೆ ಮೇಲೇ ಹೋಗಿ, ಪನ್ವೇಲ್, ಕಲ್ಯಾಣ್ ಹಾಯ್ದು ನಾಸಿಕ್ ರೋಡ್‌ಗೆ ಸೀದಾ ಇಳಿಸ್ತದೆ. ಮುಂಬೈಲಿ ಇಳಿದು ಸೂಟ್‌ಕೇಸ್ ಎಳ್ಕೊಂಡು ಇನ್ನೊಂದು ಸ್ಟೇಷನ್‌ಗೆ ಓಡೋ ತಲೆಬಿಸಿ ಇಲ್ಲ. ಕಾರವಾರ ಸ್ಟೇಷನ್ ಇರೋದು ಶಿರವಾಡದಲ್ಲಿ, ಪೇಟೆಯಿಂದ ದೂರ, ಹೊತ್ತಲ್ಲದ ಹೊತ್ತಿಗೆ ರಿಕ್ಷಾ ಮೊದ್ಲೇ ಹೇಳಿಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ವೇಳಾಪಟ್ಟಿನೇ ಬೇರೆ, ಟಿಕೆಟ್ ಮಾಡೋವಾಗ ಟೈಮ್ ಇನ್ನೊಂದ್ಸಲ ನೋಡಿ. ಶಿರಸಿ, ಸಿದ್ದಾಪುರ ಕಡೆಯವ್ರಿಗೆ ರೈಲೇ ಇಲ್ಲವಲ್ಲ, ಘಟ್ಟ ಇಳಿದು ಬರ್ಬೇಕು, ರೈಲು ಕಾರವಾರದಲ್ಲಿ ಹತ್ತೋದಾದ್ರೆ ಹಿಂದಿನ ದಿನ ಸಂಜೆಗೇ ಬಂದು ಒಳ್ಳೆ ಮೀನೂಟ ಮಾಡಿ (ತಿನ್ನೋರಾದ್ರೆ) ಮಲಗೋದು ಸುಲಭ.

ನಾಸಿಕ್ ರೋಡ್ ಅನ್ನೋ ಸ್ಟೇಷನ್ ನಾಸಿಕ್ ಪೇಟೆಯಿಂದ ಹತ್ತು ಕಿಲೋಮೀಟರ್ ಆಸುಪಾಸು ಇದೆ. ವೈನರಿಗಳು ಪೇಟೆಯ ಆಚೆ, ಗಂಗಾಪುರ ಅಣೆಕಟ್ಟಿನ ಕಡೆ. ಅದಕ್ಕೆ ರೂಮನ್ನ ಸ್ಟೇಷನ್ ಹತ್ರ ಮಾಡ್ಬೇಡಿ, ಗಂಗಾಪುರ ರೋಡ್ ಅಥವಾ ಕಾಲೇಜ್ ರೋಡ್ ಕಡೆ ಮಾಡಿ.

ಹೆಜ್ಜೆ 3: ದಿನಕ್ಕೆ ಎರಡೇ, ಒಂದು ದೊಡ್ಡದು ಒಂದು ಸಣ್ಣದು

ದೊಡ್ಡದು ಅಂದ್ರೆ ಸುಲಾ. ಅಮೆರಿಕದಲ್ಲಿ ಓದಿ, ಅಲ್ಲೇ ಕೆಲಸ ಮಾಡ್ಕೊಂಡಿದ್ದ ರಾಜೀವ್ ಸಾಮಂತ್ ಬಿಟ್ಟು ಬಂದು 1997ರಲ್ಲಿ ಇಲ್ಲಿ ಸೋವಿನ್ಯೋ ಬ್ಲಾಂ, ಶೆನಿನ್ ಬ್ಲಾಂ ಅನ್ನೋ ಬಿಳಿ ವೈನ್ ತಳಿ ನೆಟ್ರು, 2000ದಲ್ಲಿ ಮೊದಲ ವೈನ್ ಬಂತು, 2005ರಲ್ಲಿ ಜನ ಬಂದು ಕೂತು ರುಚಿ ನೋಡೋ ಟೇಸ್ಟಿಂಗ್ ರೂಮ್ ತೆಗೆದ್ರು. ಹೆಸರು ಅವ್ರ ಅಮ್ಮ ಸುಲಭಾ ಅವ್ರದ್ದು. ಅದಕ್ಕಿಂತ ಮುಂಚೆ ನಾಸಿಕ್ ಅಂದ್ರೆ ಬಹುಪಾಲು ತಿನ್ನೋ ದ್ರಾಕ್ಷಿನೇ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಅಂತಾನೇ ನೀತಿ ತಂದು ಅಬಕಾರಿ ಸುಂಕದಲ್ಲಿ ವಿನಾಯ್ತಿ ಕೊಡ್ತು, ಆಮೇಲೆ ಸಾಲುಸಾಲು ವೈನರಿ ಬಂದ್ವು. ಸುಲಾದಲ್ಲಿ ಎಲ್ಲಾ ವ್ಯವಸ್ಥಿತ, ಟೂರ್ ಹೊತ್ತಿಗೆ ಸರಿಯಾಗಿ ಹೊರಡ್ತದೆ, ಮೊದಲ ಸಲ ಹೋಗೋರಿಗೆ ಇದು ಒಳ್ಳೆದು. ಆದ್ರೆ ಜಾತ್ರೆ. ಅದ್ರಲ್ಲೂ ಸುಲಾಫೆಸ್ಟ್ ಇರೋ ವಾರಾಂತ್ಯದಲ್ಲಿ ವೈನ್ ಬಗ್ಗೆ ತಿಳ್ಕೊಳ್ತೇನೆ ಅಂತ ಹೋಗ್ಬೇಡಿ, ಹಾಡು ಕೇಳೋಕೆ ಹೋಗೋದಾದ್ರೆ ಹೋಗಿ.

ಸಣ್ಣದಕ್ಕೆ ಅದೇ ದಾರಿಲಿ ಯಾರ್ಕ್ ಇದೆ, ಗಂಗಾಪುರ ಅಣೆಕಟ್ಟಿನ ಹಿನ್ನೀರು ಕಾಣೋ ಹಾಗೆ ಟೇಸ್ಟಿಂಗ್ ರೂಮ್ ಕಟ್ಟಿದ್ದಾರೆ. ಗುರ್ನಾನಿ ಕುಟುಂಬ ಕಟ್ಟಿದ್ದು, ಯೋಗಿತಾ, ರವಿ, ಕೈಲಾಶ್ ಅಂತ ಮೂರು ಮಕ್ಕಳ ಹೆಸರಿನ ಮೊದಲಕ್ಷರ ಸೇರಿ ಯಾರ್ಕ್ ಆಗಿದ್ದು, ಇಂಗ್ಲೆಂಡಿಗೂ ಅದಕ್ಕೂ ಸಂಬಂಧ ಇಲ್ಲ. 2021ರಲ್ಲಿ ಸುಲಾ ಅದನ್ನ ತಗೊಂಡ್ತು. ಸೋಮಾ ಕೂಡ ಆಚೆಈಚೆನೇ. ಈ ಮೂರರಲ್ಲಿ ಎರಡು ಆರಿಸ್ಕೊಂಡ್ರೆ ಒಂದಿನ ಆರಾಮಾಗಿ ಮುಗೀತದೆ.

ಎರಡನೇ ದಿನ ಇದ್ರೆ ಇಗತ್‌ಪುರಿ ಕಡೆ ಹೋಗಿ. ಅಲ್ಲಿ ವ್ಯಾಲೋನೆ ಅಂತ ಸಣ್ಣ ವೈನರಿ ಇದೆ, ಗ್ರೋವರ್ ಜಾಂಪಾದವ್ರದ್ದೂ ಒಂದಿದೆ. ನೊರೆ ಬರೋ ಸ್ಪಾರ್ಕ್ಲಿಂಗ್ ವೈನ್ ಮೇಲೆ ಆಸೆ ಇದ್ರೆ ದಿಂಡೋರಿ ಬದಿಗೆ ಶಾಂಡೋನ್. ಆ ನೊರೆ ಬಾಟಲಿ ಒಳಗೇ ಎರಡನೇ ಸಲ ಹುದುಗು ಬರ್ಸಿ ಹುಟ್ಟಿದ್ದು, ಸೋಡಾ ಹಾಗೆ ಗ್ಯಾಸ್ ತುಂಬೋದಲ್ಲ. ಸಣ್ಣ ಜಾಗಗಳಿಗೆಲ್ಲ ಫೋನ್ ಮಾಡಿ ಹೇಳೇ ಹೋಗ್ಬೇಕು, ಸುಮ್ನೆ ಗೇಟ್ ಹತ್ರ ಹೋಗಿ ನಿಂತ್ರೆ ಆಗಲ್ಲ.

ಮನೆಯವ್ರೆಲ್ಲ ಒಟ್ಟಿಗೆ ಹೋಗಿದ್ರೆ ಒಂದು ಉಪಾಯ ಇದೆ. ತ್ರ್ಯಂಬಕೇಶ್ವರ ನಾಸಿಕ್‌ನಿಂದ ಮೂವತ್ತು ಕಿಲೋಮೀಟರ್ ಹತ್ರ, ಅದೂ ಪಶ್ಚಿಮಕ್ಕೇ. ಬೆಳಿಗ್ಗೆ ಬೇಗ ದರ್ಶನ, ಮಧ್ಯಾಹ್ನ ಹಿರಿಯರನ್ನ ರೂಮಿಗೆ ಬಿಟ್ಟು ನೀವು ವೈನರಿಗೆ. ಉಲ್ಟಾ ಮಾಡ್ಬೇಡಿ ಮಾರಾಯ್ರೇ, ವೈನ್ ವಾಸನೆ ಹೊಡ್ಕೊಂಡು ಆಯಿ ಪಕ್ಕ ಕ್ಯೂನಲ್ಲಿ ನಿಂತ್ರೆ ಆಮೇಲೆ ಒಂದು ವರ್ಷ ಕೇಳ್ಬೇಕಾಗ್ತದೆ.

ಹೆಜ್ಜೆ 4: ಕಾರು, ಐಡಿ

ಇಡೀ ದಿನಕ್ಕೆ ಡ್ರೈವರ್ ಸಮೇತ ಗಾಡಿ ಮಾಡಿ. ಹೋಗೋವಾಗ ಆ್ಯಪ್‌ಲಿ ಗಾಡಿ ಸಿಕ್ತದೆ, ಸಂಜೆ ತೋಟದ ಮಧ್ಯೆ ನಿಂತು ವಾಪಸ್ ಹುಡುಕೋದು ಬೇರೆ ಕಥೆ. ನೀವೇ ಓಡಿಸ್ತೀರಾದ್ರೆ ವೈನ್ ನುಂಗ್ಬಾರ್ದು, ಬರೀ ರುಚಿ ನೋಡಿ ಉಗುಳ್ಬೇಕು, ಅದಾಗಲ್ಲ ಅಂದ್ರೆ ಗಾಡಿ ಮುಟ್ಬೇಡಿ. ಕಾನೂನಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಮೊದಲ ಸಲ ಸಿಕ್ಕಿಬಿದ್ರೇ ದಂಡ 10,000 ರೂಪಾಯಿವರೆಗೆ, ಜೈಲೂ ಆಗ್ಬಹುದು. 21 ತುಂಬಿರ್ಬೇಕು, ವಯಸ್ಸಿನ ಪ್ರೂಫ್ ಕೇಳ್ತಾರೆ. ಟೂರ್ ಮತ್ತೆ ಟೇಸ್ಟಿಂಗ್ ಮೊದ್ಲೇ ಬುಕ್ ಮಾಡಿ, ಬೆಳಿಗ್ಗೆಯ ಮೊದಲ ಅಥವಾ ಎರಡನೇ ಟೂರ್ ತಗೊಳ್ಳಿ, ಊಟದ ಮುಂಚೆ ನಾಲಿಗೆ ಚುರುಕಾಗಿರ್ತದೆ.

ಹೆಜ್ಜೆ 5: ಹೊರಡೋ ಬೆಳಿಗ್ಗೆ

ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಿ, ಖಾಲಿ ಹೊಟ್ಟೆಲಿ ಹೋಗ್ಬೇಡಿ. ಆದ್ರೆ ನಾಸಿಕ್ ಮಿಸಳ್ ತಿಂದು ಹೋಗ್ಬೇಡಿ, ಅದನ್ನ ಮಾರನೇ ದಿನಕ್ಕೆ ಇಟ್ಕೊಳ್ಳಿ, ಆ ಖಾರದ ತರ್ರಿ ಮೇಲೆ ಯಾವ ವೈನ್ ಸುರಿದ್ರೂ ಗೊತ್ತಾಗಲ್ಲ. ಸೆಂಟು ಹೊಡ್ಕೋಬೇಡಿ, ನಿಮಗಲ್ಲ, ಪಕ್ಕದವ್ನಿಗೆ ತೊಂದ್ರೆ. ತೋಟದಲ್ಲಿ ಮಣ್ಣು, ಚಪ್ಪಲಿಗಿಂತ ಶೂ ವಾಸಿ.

ಮತ್ತೆ ಮುಖ್ಯವಾಗಿ ಶಿರಸಿ, ಯಲ್ಲಾಪುರದವ್ರಿಗೆ: ಕವಳ (ಎಲೆಅಡಿಕೆ) ಬೇಡ. ಟೇಸ್ಟಿಂಗ್ ಮುಗಿಯೋವರೆಗೆ ಕವಳದ ಸಂಚಿ ಬ್ಯಾಗಲ್ಲೇ ಇರ್ಲಿ. ಸುಣ್ಣ, ಅಡಿಕೆ, ತಂಬಾಕು ಎಲ್ಲಾ ಸೇರಿ ಬಾಯಿ ಗಂಟೆಗಟ್ಲೆ ಮರಗಟ್ಟಿರ್ತದೆ, ಆಮೇಲೆ ನೀವು ಕೆಂಪು ವೈನ್ ಬಗ್ಗೆ ಏನೇ ಹೇಳಿದ್ರೂ ಅದು ಅಡಿಕೆ ಬಗ್ಗೆ ಹೇಳಿದ ಹಾಗೆ.

ಹೆಜ್ಜೆ 6: ಟೂರಲ್ಲಿ ಕಣ್ಣಿಡ್ಬೇಕಾದ್ದು

ಗೈಡ್ ಹೇಳೋದು ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ. ಆದ್ರೆ ಕೊಯ್ಲಿನ ಕಾಲದಲ್ಲಿ ಹೋಗಿದ್ರೆ ಒಂದು ಕೆಲಸ ಮಾಡಿ, ಕೇಳಿ ಒಂದು ವೈನ್ ದ್ರಾಕ್ಷಿ ಬಾಯಿಗೆ ಹಾಕ್ಕೊಳ್ಳಿ. ಪೇಟೆಲಿ ಸಿಗೋ ಉದ್ದ ಸೀಡ್‌ಲೆಸ್ ಹಣ್ಣಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಕಾಳು ಬೆರಳ ತುದಿಯಷ್ಟು ಸಣ್ಣ, ಸಿಪ್ಪೆ ದಪ್ಪ, ಒಳಗೆ ಬೀಜ, ರಸ ಸ್ವಲ್ಪ, ಆದ್ರೆ ಆ ಸ್ವಲ್ಪ ರಸ ವಿಪರೀತ ಸಿಹಿ. ಸಿಪ್ಪೆನ ಹಲ್ಲಲ್ಲಿ ಅರೀತಾ ಇರಿ, ಸಿಹಿ ಹೋಗಿ ಒಗರು ಬರ್ತದೆ. ಬೀಜ ಕಚ್ಚಿ ನೋಡಿ, ಮಾಗಿದ್ರೆ ಕಂದು ಬಣ್ಣ, ಕಟುಂ ಅಂತ ಒಡೀತದೆ, ಮಾಗಿಲ್ದಿದ್ರೆ ಹಸಿರು, ಕಹಿ. ವೈನ್ ಮಾಡೋರೂ ಸಕ್ಕರೆ ಅಳೆಯೋ ಉಪಕರಣ ಹಿಡ್ಕೊಂಡ್ರೂ ಕೊನೆಗೆ ಹೀಗೇ ಕಚ್ಚಿ ನೋಡ್ತಾರೆ. ಆ ಒಂದು ಕಾಳಲ್ಲಿ ಮುಂದೆ ಗ್ಲಾಸಲ್ಲಿ ಬರೋದೆಲ್ಲ ಇದೆ: ರಸದಿಂದ ಹುಳಿ ಮತ್ತೆ ಸಕ್ಕರೆ, ಸಿಪ್ಪೆಯಿಂದ ಬಣ್ಣ, ಸಿಪ್ಪೆ ಬೀಜ ಎರಡರಿಂದ ಒಗರು. ಸಕ್ಕರೆನ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡ್ತದೆ.

ಒಳಗೆ ಸ್ಟೀಲ್ ಟ್ಯಾಂಕ್ ಹತ್ರ ಒಂದು ಪ್ರಶ್ನೆ ಕೇಳಿ, ಸಿಪ್ಪೆ ಜೊತೆ ಎಷ್ಟು ದಿನ ಇಟ್ರಿ ಅಂತ. ಬಿಳಿ ವೈನ್‌ಗೆ ಹಿಂಡಿದ ರಸ ಮಾತ್ರ, ಸಿಪ್ಪೆ ತೆಗೆದ್ಬಿಡ್ತಾರೆ, ತಂಪಲ್ಲಿ ನಿಧಾನ ಹುದುಗು ಬರ್ಸ್ತಾರೆ. ಕೆಂಪಿಗೆ ಸಿಪ್ಪೆ ಸಮೇತ. ಗುಲಾಬಿ ಬಣ್ಣದ ರೋಸೆಗೆ ಕೆಂಪು ದ್ರಾಕ್ಷಿನೇ, ಆದ್ರೆ ಸಿಪ್ಪೆ ಜೊತೆ ಕೆಲವು ಗಂಟೆ ಇಟ್ಟು ಬೇರೆ ಮಾಡೋದು. ಮೂರರ ವ್ಯತ್ಯಾಸ ಬಹುಪಾಲು ಇಷ್ಟೇ. ಬ್ಯಾರೆಲ್ ರೂಮಲ್ಲಿ ಸ್ವಲ್ಪ ನಿಂತ್ಕೊಳ್ಳಿ, ಸಾಧಾರಣ ಒಂದು ಓಕ್ ಪೀಪಾಯಿ 225 ಲೀಟರ್, ಹೊಸ ಮರದ್ದಾದ್ರೆ ವೈನ್‌ಗೆ ವೆನಿಲ್ಲಾ, ಲವಂಗದ ವಾಸನೆ ಕೊಡ್ತದೆ, ಹಳೇದಾಗ್ತಾ ಆ ವಾಸನೆ ಕಮ್ಮಿ ಆಗ್ತದೆ. ಪೀಪಾಯಿ ದುಬಾರಿ, ಬಾಟಲಿ ಮೇಲೆ ರಿಸರ್ವ್ ಅಂತ ಬರೆದು ಬೆಲೆ ಏರೋದಕ್ಕೆ ಅದೂ ಒಂದು ಕಾರಣ.

ಶುದ್ಧ ಸಸ್ಯಾಹಾರಿಗಳು ಇಲ್ಲೇ ಇನ್ನೊಂದು ಕೇಳಿ: ವೈನ್ ತಿಳಿ ಮಾಡೋಕೆ ಏನು ಬಳಸ್ತೀರಿ ಅಂತ. ಬೆಂಟೊನೈಟ್ ಅನ್ನೋ ಜೇಡಿಮಣ್ಣು ಬಳಸೋರು ಇದ್ದಾರೆ, ಮೊಟ್ಟೆ ಬಿಳಿ ಅಥವಾ ಮೀನಿನ ಗಾಳಿಚೀಲದ ಪುಡಿ ಬಳಸೋ ಪದ್ಧತಿನೂ ಪ್ರಪಂಚದಲ್ಲಿ ಇದೆ. ಕೇಳಿದ್ರೆ ಹೇಳ್ತಾರೆ, ನಾಚಿಕೆ ಬೇಡ.

ಹೆಜ್ಜೆ 7: ಟೇಸ್ಟಿಂಗ್

ಸಾಮಾನ್ಯ ಐದಾರು ವೈನ್, ಒಂದೊಂದೂ 30 ಮಿಲಿ ಲೆಕ್ಕದಲ್ಲಿ ಹಾಕ್ತಾರೆ. ಆರು ಅಂದ್ರೆ 180 ಮಿಲಿ, ಶೇಕಡಾ 12ರಿಂದ 14 ಆಲ್ಕೋಹಾಲ್ ಇರೋ ದ್ರವ. ಎರಡು ವೈನರಿ ಅಂದ್ರೆ ಅರ್ಧ ಬಾಟಲಿ ಹತ್ರ ಬಂತು. ನಾನು ಎರಡೇ ಅಂದಿದ್ದು ಇದಕ್ಕೇ. ಟೇಬಲ್ ಮೇಲೆ ಉಗುಳೋಕೆ ಒಂದು ಪಾತ್ರೆ ಇಟ್ಟಿರ್ತಾರೆ, ಇಲ್ಲಾಂದ್ರೆ ಕೇಳಿ ತಗೊಳ್ಳಿ. ಕವಳ ಉಗುಳೋಕೆ ನಾಚದ ಜಿಲ್ಲೆ ನಮ್ದು, ವೈನ್ ಉಗುಳೋಕೆ ಯಾಕೆ ನಾಚಿಕೆ.

ಕ್ರಮ: ಸ್ಪಾರ್ಕ್ಲಿಂಗ್, ಬಿಳಿ, ರೋಸೆ, ಕೆಂಪು, ಕಡೆಗೆ ಸಿಹಿ. ಒಗರು ಮತ್ತೆ ಸಿಹಿ ಮೊದ್ಲು ಬಂದ್ರೆ ನಾಜೂಕಿನದ್ದು ಸತ್ತುಹೋಗ್ತದೆ.

ಗ್ಲಾಸಿನ ಕಾಲು ಹಿಡೀರಿ, ಹೊಟ್ಟೆ ಹಿಡಿದ್ರೆ ಕೈ ಬಿಸಿ ತಾಗ್ತದೆ. ಬಿಳಿ ಬಟ್ಟೆ ಅಥವಾ ಪೇಪರ್ ಎದುರು ಓರೆ ಹಿಡಿದು ಬಣ್ಣ ನೋಡಿ, ಇದಕ್ಕೆ ಜಾಸ್ತಿ ಹೊತ್ತು ಬೇಡ. ಅಲ್ಲಾಡಿಸದೆ ಒಂದ್ಸಲ ಮೂಸಿ. ಆಮೇಲೆ ಗ್ಲಾಸನ್ನ ಟೇಬಲ್ ಮೇಲೇ ಇಟ್ಟು ಎರಡು ಸುತ್ತು ತಿರುಗ್ಸಿ (ಗಾಳಿಲಿ ತಿರುಗ್ಸಿ ಪಕ್ಕದವ್ರ ಅಂಗಿಗೆ ಹಾಕ್ಬೇಡಿ), ಮತ್ತೆ ಮೂಸಿ. ಎರಡನೇ ಸಲ ವಾಸನೆ ಬೇರೆ ಇರ್ತದೆ. ಆಮೇಲೆ ಸಣ್ಣ ಗುಟುಕು, ನುಂಗದೆ ಬಾಯಿ ಪೂರ್ತಿ ಓಡಾಡಿಸಿ, ಸ್ವಲ್ಪ ಗಾಳಿ ಒಳಗೆ ಎಳ್ಕೊಳ್ಳಿ, ಸುರ್ ಅಂತ ಶಬ್ದ ಬರ್ತದೆ, ಅಲ್ಲಿ ಅದು ಅಸಭ್ಯ ಅಲ್ಲ. ಈಗ ಮೂರೇ ಪ್ರಶ್ನೆ ಕೇಳ್ಕೊಳ್ಳಿ.

ಹುಳಿ ಎಷ್ಟು? ದವಡೆ ಬದಿಲಿ ನೀರು ಒಸರ್ತದಲ್ಲ, ಅದು ಹುಳಿ. ಜಾಸ್ತಿ ಒಸರಿದ್ರೆ ಹುಳಿ ಜಾಸ್ತಿ. ಸೋವಿನ್ಯೋ ಬ್ಲಾಂನಲ್ಲಿ ಇದು ಎದ್ದು ಕಾಣ್ತದೆ. ಹುಳಿ ಇರೋದು ದೋಷ ಅಲ್ಲ, ಮುರುಗಲು ಸಾರು ಕುಡಿಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಸಿಹಿ ಇದೆಯಾ? ಇಲ್ಲಿ ನಮ್ಮವ್ರು ಎಡವ್ತಾರೆ, ಯಾಕಂದ್ರೆ ನಮಗೆ ಗೊತ್ತಿರೋ ವೈನ್ ಅಂದ್ರೆ ಕ್ರಿಸ್ಮಸ್‌ಗೆ ಕ್ರಿಶ್ಚಿಯನ್ ನೆರೆಮನೆಯವ್ರು ಕೇಕ್ ಜೊತೆ ಕೊಡೋ ಮನೆ ವೈನ್, ಅದು ಚೆನ್ನಾಗೇ ಸಿಹಿ. ಇಲ್ಲಿನ ಹೆಚ್ಚಿನ ವೈನ್‌ಗಳಲ್ಲಿ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಆಲ್ಕೋಹಾಲ್ ಆಗಿರ್ತದೆ, ಅದನ್ನ ಡ್ರೈ ಅಂತಾರೆ. ಹಣ್ಣಿನ ವಾಸನೆ ಬಂದ್ರೆ ಸಿಹಿ ಅಂತ ಅನಿಸ್ತದೆ, ಮೂಗು ಮುಚ್ಕೊಂಡು ಒಂದು ಗುಟುಕು ಹಾಕಿ ನೋಡಿ, ನಿಜ ಗೊತ್ತಾಗ್ತದೆ. ಸಿಹಿನೇ ಇಷ್ಟ ಆದ್ರೆ ಧೈರ್ಯವಾಗಿ ಹೇಳಿ, ಶೆನಿನ್ ಬ್ಲಾಂನಲ್ಲಿ ತಡವಾಗಿ ಕೊಯ್ದು ಮಾಡೋ ಲೇಟ್ ಹಾರ್ವೆಸ್ಟ್ ಇದೆ. ತೊಡೆದೇವು ಜೊತೆ ಅದನ್ನ ಕುಡಿದ್ರೆ ಹೇಗಿರ್ತದೆ ಅಂತ ನನಗೆ ಆಸೆ ಇದೆ.

ಮೂರನೇದು ಒಗರು. ಅಡಿಕೆ ಬೇಯ್ಸಿದ ಚೊಗರು ತುಟಿಗೆ ತಾಗಿದ್ರೆ ನಾಲಿಗೆ, ವಸಡು ಎಲ್ಲಾ ಒಣಗಿ ಹಿಡ್ಕೊಳ್ತದಲ್ಲ, ಕೆಂಪು ವೈನ್‌ನ ಒಗರೂ ಅದೇ ಜಾತಿ, ಎರಡಕ್ಕೂ ಕಾರಣ ಟ್ಯಾನಿನ್. ಕ್ಯಾಬರ್ನೆ ಸೋವಿನ್ಯೋ ಕುಡಿದು ಬೆಂಗಳೂರು ಹುಡುಗ್ರು ಮುಖ ಸಿಂಡರಿಸ್ತಾರೆ, ಅಡಿಕೆ ಸುಲಿಯೋ ಮನೆಯವ್ರಿಗೆ ಅದು ಹೊಸದಲ್ಲ. ಒಗರು ಮರಳಿನ ಹಾಗೆ ಒರಟಾಗಿದ್ಯಾ, ನಯವಾಗಿ ಹೋಗ್ತದ್ಯಾ ಅನ್ನೋದು ನೋಡಿ, ಒಳ್ಳೆ ಕೆಂಪಿನ ಗುರುತು ಬಹಳ ಮಟ್ಟಿಗೆ ಅಲ್ಲಿದೆ.

ವಾಸನೆ ವಿಷ್ಯಕ್ಕೆ ಬಂದ್ರೆ, ಗೈಡ್ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅಂತ ಹೇಳ್ತಾ ಹೋಗ್ತಾರೆ, ನಮ್ಮಲ್ಲಿ ಯಾರು ತಿಂದಿದ್ದಾರೆ ಅದನ್ನ. ನಿಮಗೆ ಪೇರಲೆ ಹಣ್ಣು ಅನಿಸಿದ್ರೆ ಪೇರಲೆ ಅಂತ ಬರ್ಕೊಳ್ಳಿ, ನೇರಳೆ ಅನಿಸಿದ್ರೆ ನೇರಳೆ. ಶಿರಾಜ್ ಅನ್ನೋ ಕೆಂಪು ವೈನ್ ಗ್ಲಾಸ್ ಬಂದಾಗ ಮಾತ್ರ ಸ್ವಲ್ಪ ಗಮನ ಕೊಡಿ. ಕಾಳುಮೆಣಸಿನ ವಾಸನೆ ಬರ್ತದಾ ನೋಡಿ. ಬಂದ್ರೆ ಅದು ಭ್ರಮೆ ಅಲ್ಲ, ರೋಟಂಡೋನ್ ಅನ್ನೋ ಒಂದು ಸಂಯುಕ್ತ ಶಿರಾಜ್ ಸಿಪ್ಪೆಲೂ ಇರ್ತದೆ, ಕಾಳುಮೆಣಸಲ್ಲೂ ಇರ್ತದೆ, ಎರಡೂ ಕಡೆ ಆ ಘಾಟಿಗೆ ಕಾರಣ ಅದೇ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದಿಂದ ಬಂದವ್ರು ಆ ಟೇಬಲ್‌ನಲ್ಲಿ ಅದನ್ನ ಮೊದ್ಲು ಹಿಡೀಬೇಕು. ಕೆಲವ್ರ ಮೂಗಿಗೆ ರೋಟಂಡೋನ್ ಗೊತ್ತೇ ಆಗಲ್ಲ, ಬೇಜಾರು ಮಾಡ್ಕೋಬೇಡಿ.

ಒಂದೊಂದಕ್ಕೂ ಮಧ್ಯೆ ನೀರು, ಉಪ್ಪಿಲ್ಲದ ಬಿಸ್ಕೆಟ್ ಅಥವಾ ಬ್ರೆಡ್. ಫೋನಲ್ಲಿ ಹೆಸರು, ವರ್ಷ, ಎರಡು ಮಾತು ಟೈಪ್ ಮಾಡಿ. ಬರೀದಿದ್ರೆ ಸಂಜೆಗೆ ಎಲ್ಲಾ ಕಲಸಿಹೋಗ್ತದೆ.

ಹೆಜ್ಜೆ 8: ಊಟ

ಮೊದಲ ವೈನರಿ ಮುಗಿಸಿ ಊಟ ಮಾಡಿ, ಎರಡು ತಾಸು ಬಿಟ್ಟು ಎರಡನೇದು. ಊಟದ ಜೊತೆ ಇನ್ನೊಂದು ಗ್ಲಾಸ್ ತಗೊಳ್ಳೋ ಆಸೆ ಆಗ್ತದೆ, ತಡ್ಕೊಳ್ಳಿ. ಊರಿಗೆ ಬಂದ್ಮೇಲೆ ಜೋಡಿ ಮಾಡೋಕೆ ನನ್ನ ಲೆಕ್ಕ: ರವೆ ಹಚ್ಚಿ ಕರಿದ ಕಾಣೆ ಅಥವಾ ಇಸೋಣಕ್ಕೆ ಸೋವಿನ್ಯೋ ಬ್ಲಾಂ, ಲಿಂಬೆ ಹಿಂಡಿದ ಕೆಲಸ ಅದೇ ಮಾಡ್ತದೆ. ಬಂಗಡೆ ಖಾರದ ಗಸಿಗೆ ತಣ್ಣಗಿನ ರೋಸೆ. ಒಗರಿನ ಕೆಂಪು ವೈನ್ ಮೀನಿನ ಜೊತೆ ಬೇಡ, ಬಾಯಿಗೆ ಕಬ್ಬಿಣ ನೆಕ್ಕಿದ ರುಚಿ ಬರ್ತದೆ.

ಹೆಜ್ಜೆ 9: ಬಾಟಲಿ ತರೋದಾ ಬೇಡ್ವಾ

ಕಾರವಾರದವ್ರಿಗೆ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ಬಗ್ಗೆ ನಾನೇನು ಹೇಳೋದು. ಹೊರ ರಾಜ್ಯದ ಮದ್ಯ ಒಳಗೆ ತರೋಕೆ ಅಬಕಾರಿ ಪರ್ಮಿಟ್ ಬೇಕು, ವೈನರಿ ಬಿಲ್ ಇದೆ ಅಂದ್ರೆ ಅದು ಪರ್ಮಿಟ್ ಆಗಲ್ಲ. ರೈಲಲ್ಲಿ ಕುಡಿದು ಗಲಾಟೆ ಮಾಡಿದ್ರೆ 1989ರ ರೈಲ್ವೆ ಕಾಯ್ದೆ 145ನೇ ಸೆಕ್ಷನ್ ಇದೆ. ನನ್ನ ಸಲಹೆ ಸರಳ, ಅಲ್ಲಿ ರುಚಿ ನೋಡಿ, ಇಷ್ಟ ಆದದ್ದರ ಹೆಸರು ಬರ್ಕೊಂಡು ಬನ್ನಿ, ದೊಡ್ಡ ಬ್ರ್ಯಾಂಡ್‌ಗಳು ಹುಬ್ಬಳ್ಳಿ, ಬೆಂಗಳೂರಲ್ಲಿ ಸಿಕ್ತಾವೆ.

ಇಲ್ಲಿ ತಗೊಂಡ ಬಾಟಲಿನ ಅಟ್ಟದ ಮೇಲೆ ಇಡ್ಬೇಡಿ, ಹಂಚಿನ ಕೆಳಗೆ ಮಾರ್ಚ್ ತಿಂಗಳಲ್ಲಿ ಅದು ಬೆಂದುಹೋಗ್ತದೆ. ಮನೆಯ ತಂಪಾದ, ಕತ್ತಲೆ ಮೂಲೆಲಿ, ಕಾರ್ಕ್ ಇದ್ರೆ ಮಲಗಿಸಿ ಇಡಿ, ತಿರುಪಿನ ಮುಚ್ಚಳ ಆದ್ರೆ ಹೇಗಿಟ್ರೂ ಆಗ್ತದೆ. ಹಳೇದಾದಷ್ಟೂ ಒಳ್ಳೆದು ಅನ್ನೋದು ಎಲ್ಲಾ ವೈನ್‌ಗೂ ಅಲ್ಲ, ನಮ್ಮ ದೇಶದ ಬಿಳಿ, ರೋಸೆ ಹೆಚ್ಚಿನವು ಒಂದೆರಡು ವರ್ಷದೊಳಗೆ ಕುಡಿಯೋಕೆ ಮಾಡಿದ್ದು. ಬಿಳಿ ವೈನನ್ನ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷಕ್ಕೆ ಕುಡೀರಿ, ಕೆಂಪನ್ನ 16ರಿಂದ 18 ಡಿಗ್ರಿಲಿ. ರೂಮ್ ಟೆಂಪರೇಚರ್ ಅಂತ ಬಾಟಲಿ ಮೇಲೆ ಬರೆದಿದ್ರೆ ಅದು ಕಾರವಾರದ ರೂಮಲ್ಲ, ಅರ್ಧ ಗಂಟೆ ಫ್ರಿಜ್ಜಲ್ಲಿ ಇಟ್ಟೇ ಕುಡೀರಿ. ತೆಗೆದ ಬಾಟಲಿ ಕೆಂಪಾದ್ರೂ ಫ್ರಿಜ್ಜಿಗೇ, ಮೂರ್ನಾಲ್ಕು ದಿನದೊಳಗೆ ಮುಗ್ಸಿ.

ಅಷ್ಟು ದೂರ ರಜೆ ಸಿಗಲ್ಲ ಅನ್ನೋರಿಗೆ ನಂದಿ ಬೆಟ್ಟದ ಬದಿ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಜಾಂಪಾ ಇದೆ, ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ್ದು, ಸುಲಾಗಿಂತ ಹಳೇದು. ಕಾರವಾರದಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು, ಶಿರಸಿಯಿಂದ ರಾತ್ರಿ ಬಸ್ಸು ಎಷ್ಟೋ ಇವೆ. ಅಲ್ಲೂ ಕ್ರಮ ಇದೇ, ಮೊದ್ಲೇ ಬುಕ್ ಮಾಡಿ, ಬೆಳಗಿನ ಟೂರ್ ತಗೊಳ್ಳಿ, ವಾಪಸ್ ಬರೋಕೆ ಗಾಡಿ ಗಟ್ಟಿ ಮಾಡ್ಕೊಂಡೇ ಹೋಗಿ.